ಓವರ್‌ಹೆಡ್ ಟ್ಯಾಂಕಿಗೆ ಇಎಸ್‌ಪಿ32: ಕಿಟ್ ನಾನೇ ಜೋಡಿಸಿಕೊಂಡ ಬಗೆ

‘37 ಸೆನ್ಸರ್‌ಗಳ ಕಿಟ್’ ಅಂತ ಆನ್‌ಲೈನಿನಲ್ಲಿ ಮಾರುವ ಪೆಟ್ಟಿಗೆಯನ್ನು ಹೊಸಬರು ಕೊಳ್ಳದಿರುವುದೇ ಒಳ್ಳೆಯದು. ಜಾಯ್‌ಸ್ಟಿಕ್, ಫ್ಲೇಮ್ ಸೆನ್ಸರ್, ಟಿಲ್ಟ್ ಸ್ವಿಚ್, ಬಝರ್ ಎಲ್ಲ ಇರುತ್ತವೆ. ಆದರೆ ಕೆಲಸ ನಿಲ್ಲುವುದು ಆ ಪೆಟ್ಟಿಗೆಯಲ್ಲಿ ಇಲ್ಲದ್ದಕ್ಕೆ: ಗಟ್ಟಿ ಅಡಾಪ್ಟರ್, ಡೇಟಾ ಹೋಗುವ ಕೇಬಲ್, ಸರಿಯಾದ ರೆಸಿಸ್ಟರ್, ಒಂದು ಕೆಪಾಸಿಟರ್. ಏನನ್ನು ಅಳೆಯಬೇಕು ಅಂತ ಮೊದಲು ತೀರ್ಮಾನಿಸಿ, ಅದಕ್ಕೆ ಬೇಕಾದಷ್ಟನ್ನೇ ಕೊಂಡರೆ ಸಾಕು. ನಾನು ಆರಿಸಿಕೊಂಡದ್ದು ಓವರ್‌ಹೆಡ್ ಟ್ಯಾಂಕಿನಲ್ಲಿ ನೀರು ಎಷ್ಟಿದೆ ಅಂತ ಮೊಬೈಲಿನಲ್ಲೇ ನೋಡುವ ಕೆಲಸ.

ಬೆಂಗಳೂರಿನಲ್ಲಿದ್ದರೆ ಎಸ್.ಪಿ. ರೋಡಿನಲ್ಲಿ ಎಲ್ಲವೂ ಬಿಡಿಬಿಡಿಯಾಗಿ ಸಿಗುತ್ತದೆ. ನನ್ನ ಪಟ್ಟಿ: 30 ಪಿನ್ನಿನ ಇಎಸ್‌ಪಿ32 ಡೆವ್‌ಕಿಟ್ (ಕೋಡ್ ತುಂಬಿ ನಡೆಸುವ, ವೈಫೈ ಇರುವ ಚಿಕ್ಕ ಬೋರ್ಡ್), ನೀರಿಗೆ ತಡೆಯುವ ಜೆಎಸ್‌ಎನ್-ಎಸ್‌ಆರ್04ಟಿ ಅಲ್ಟ್ರಾಸಾನಿಕ್ ಸೆನ್ಸರ್ (ಶಬ್ದ ಕಳಿಸಿ, ಅದು ನೀರಿಗೆ ತಾಗಿ ವಾಪಸ್ ಬರುವ ಹೊತ್ತಿನಿಂದ ದೂರ ಅಳೆಯುವಂಥದ್ದು), ಸ್ಟೀಲ್ ಕೊಳವೆಯೊಳಗಿನ ಡಿಎಸ್18ಬಿ20 ಉಷ್ಣಾಂಶ ಸೆನ್ಸರ್, 1 ಕಿಲೋಓಮ್ ರೆಸಿಸ್ಟರ್ ಮೂರು, 4.7 ಕಿಲೋಓಮ್ ಒಂದು, 470 ಮೈಕ್ರೋಫ್ಯಾರಡ್ 16 ವೋಲ್ಟ್ ಕೆಪಾಸಿಟರ್, 5 ವೋಲ್ಟ್ 2 ಆಂಪಿಯರ್ ಅಡಾಪ್ಟರ್, ಬ್ರೆಡ್‌ಬೋರ್ಡ್ (ಬೆಸುಗೆ ಇಲ್ಲದೆ ವೈರ್ ಚುಚ್ಚಿ ಜೋಡಿಸುವ ತೂತಿನ ಹಲಗೆ) ಎರಡು, ಜಂಪರ್ ವೈರ್, ಮಲ್ಟಿಮೀಟರ್. ಬ್ರೆಡ್‌ಬೋರ್ಡ್ ಎರಡು ಯಾಕೆಂದರೆ ಡೆವ್‌ಕಿಟ್ ಅಗಲ. ಒಂದರ ಮೇಲೆ ಕೂರಿಸಿದರೆ ಒಂದು ಪಕ್ಕದಲ್ಲಿ ವೈರ್ ಚುಚ್ಚಲು ತೂತೇ ಉಳಿಯುವುದಿಲ್ಲ. ಕೆಲವು ಉದ್ದ ಬೋರ್ಡ್‌ಗಳಲ್ಲಿ ಅಂಚಿನ ಕೆಂಪು ಗೆರೆ ನಡುವೆ ತುಂಡಾಗಿರುತ್ತದೆ. ಅಲ್ಲಿಂದಾಚೆಗೆ ಕರೆಂಟ್ ಹೋಗದು. ಮೀಟರಿನಲ್ಲಿ ಬೀಪ್ ನೋಡಿಕೊಂಡು ಮುಂದುವರಿಯಿರಿ.

ಕಂಪ್ಯೂಟರಿಗೆ ಚುಚ್ಚಿದರೂ ಪೋರ್ಟ್ ಕಾಣಿಸದಿದ್ದರೆ ಮೊದಲು ಕೇಬಲ್ ಬದಲಿಸಿ. ಚಾರ್ಜಿಂಗ್‌ಗೆ ಮಾತ್ರ ಬರುವ ಕೇಬಲಿನಲ್ಲಿ ಡೇಟಾ ತಂತಿಯೇ ಇರುವುದಿಲ್ಲ, ಬೋರ್ಡಿನ ದೀಪ ಮಾತ್ರ ಉರಿಯುತ್ತದೆ. ಆಮೇಲೆ ಡ್ರೈವರ್: ಯುಎಸ್‌ಬಿ ಪಕ್ಕದ ಚಿಪ್ ಸಿಪಿ2102 ಇದೆಯೋ ಸಿಎಚ್340 ಇದೆಯೋ ನೋಡಿ ಅದರದ್ದನ್ನೇ ಹಾಕಿ. ಅಪ್‌ಲೋಡ್ ‘ಕನೆಕ್ಟಿಂಗ್’ ಅಂತ ಚುಕ್ಕಿ ಹಾಕುತ್ತ ನಿಂತರೆ ಬೂಟ್ ಬಟನ್ ಒತ್ತಿ ಹಿಡಿಯಿರಿ.

ಪಿನ್ ಆರಿಸುವಾಗ 6ರಿಂದ 11ರವರೆಗೆ ಮುಟ್ಟಬೇಡಿ, ಅವು ಒಳಗಿನ ಫ್ಲ್ಯಾಶ್ ಮೆಮೊರಿಗೆ ಸೇರಿದವು. ಬೋರ್ಡ್ ಆನ್ ಆಗುವ ಹೊತ್ತಿಗೆ 12ನೇ ಪಿನ್ನಿನಲ್ಲಿ 3.3 ವೋಲ್ಟ್ (ಹೈ) ಇದ್ದರೆ ಅದು ಬೂಟ್ ಆಗುವುದಿಲ್ಲ. 34ರಿಂದ 39 ಇನ್‌ಪುಟ್‌ಗೆ ಮಾತ್ರ. ಅನಲಾಗ್ ಸೆನ್ಸರ್ ಇದ್ದರೆ 32ರಿಂದ 39ರ ಪೈಕಿ ಒಂದಕ್ಕೇ ಕೊಡಿ. ಉಳಿದ ಅನಲಾಗ್ ಪಿನ್‌ಗಳು ವೈಫೈ ಓಡುವಾಗ ನಂಬಿಕೆಗೆ ಬಾರವು. ನಾನು ಅಲ್ಟ್ರಾಸಾನಿಕ್ ಸೆನ್ಸರಿನ ಟ್ರಿಗರ್‌ಗೆ (ಶಬ್ದ ಕಳಿಸು ಅನ್ನುವ ತಂತಿ) 26, ಎಕೋಗೆ (ಶಬ್ದ ವಾಪಸ್ ಬಂದದ್ದನ್ನು ತಿಳಿಸುವ ತಂತಿ) 27, ಡಿಎಸ್18ಬಿ20ಗೆ 4 ಕೊಟ್ಟೆ.

ಎಕೋ ತಂತಿಯನ್ನು ನೇರ ಕೊಡಬಾರದು. ಸೆನ್ಸರಿಗೆ 5 ವೋಲ್ಟ್ ಕೊಟ್ಟಾಗ ಎಕೋ ಕೂಡ 5 ವೋಲ್ಟ್ ಹೊರಹಾಕುತ್ತದೆ, ಇಎಸ್‌ಪಿ32 ತಡೆಯುವುದು 3.3. ಎಕೋದಿಂದ ಪಿನ್ನಿಗೆ ಒಂದು 1 ಕಿಲೋಓಮ್, ಪಿನ್ನಿನಿಂದ ಗ್ರೌಂಡಿಗೆ ಎರಡು 1 ಕಿಲೋಓಮ್ ಸಾಲಾಗಿ ಹಾಕಿದರೆ ಸರಿಯಾಗಿ 3.3ಕ್ಕೆ ಇಳಿಯುತ್ತದೆ. ಡಿಎಸ್18ಬಿ20ಗೆ ಡೇಟಾ ಮತ್ತು 3.3 ವೋಲ್ಟ್ ನಡುವೆ 4.7 ಕಿಲೋಓಮ್ ಕಡ್ಡಾಯ. ಈ ಸೆನ್ಸರನ್ನು ಓದುವ ಡಲ್ಲಾಸ್ ಟೆಂಪರೇಚರ್ ಲೈಬ್ರರಿಯಲ್ಲಿ −127 ಬಂದರೆ ತಂತಿ ಬಿಟ್ಟಿದೆ ಅಥವಾ ಆ ರೆಸಿಸ್ಟರ್ ಇಲ್ಲ. ಸರಿಯಾಗಿ 85 ಬಂದರೆ ಅಳತೆ ಮುಗಿಯುವ ಮೊದಲೇ ಓದಿದ್ದೀರಿ. 12 ಬಿಟ್ ಅಳತೆಗೆ 750 ಮಿಲಿಸೆಕೆಂಡ್ ಬೇಕು.

ನೀರಿನ ಮಟ್ಟಕ್ಕೆ ಉಷ್ಣಾಂಶ ಯಾಕೆ? ಶಬ್ದದ ವೇಗ 20 ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್, 40ರಲ್ಲಿ 355. ಬೇಸಿಗೆಯ ಮಧ್ಯಾಹ್ನ ತಾರಸಿಯ ಕಪ್ಪು ಟ್ಯಾಂಕಿನೊಳಗಿನ ಗಾಳಿ ಕಾದಾಗ, ಒಂದು ಮೀಟರ್ ದೂರಕ್ಕೆ ಮೂರು ಸೆಂಟಿಮೀಟರಿಗೂ ಹೆಚ್ಚು ತಪ್ಪು ಬರುತ್ತದೆ. ಹಾಗಾಗಿ ಉಷ್ಣಾಂಶ ಸೆನ್ಸರಿನ ಕೊಳವೆಯನ್ನು ನೀರಿಗೆ ಬಿಡದೆ ಮೇಲಿನ ಗಾಳಿಯಲ್ಲೇ ತೂಗುಹಾಕಿ, ಡಿಗ್ರಿಯನ್ನು 0.606ರಿಂದ ಗುಣಿಸಿ 331.3 ಕೂಡಿದರೆ ಆ ಹೊತ್ತಿನ ವೇಗ ಸಿಗುತ್ತದೆ.

ಸೆನ್ಸರಿನ ಮುಖ, ಟ್ಯಾಂಕ್ ತುಂಬಿದಾಗಿನ ನೀರಿನಿಂದ ಕನಿಷ್ಠ 25 ಸೆಂಟಿಮೀಟರ್ ಮೇಲಿರಲಿ. ಅದಕ್ಕಿಂತ ಹತ್ತಿರದ್ದು ಇದಕ್ಕೆ ಕಾಣದು. ಬಾಲ್ ವಾಲ್ವ್, ಪೈಪು, ಗೋಡೆ ಇವುಗಳಿಂದ ದೂರ ಇಡಿ, ಇಲ್ಲದಿದ್ದರೆ ನೀರು ಇಳಿದರೂ ಮಟ್ಟ ಕದಲದೆ ನಿಲ್ಲುತ್ತದೆ. ಮುಚ್ಚಳದ ಒಳಗೆ ಬೆವರಿ ಮುಖದ ಮೇಲೆ ಹನಿ ಕೂತಾಗ ಒಂದೆರಡು ಅಳತೆ ಎಲ್ಲೆಲ್ಲಿಗೋ ಹಾರುತ್ತವೆ. ಇದಕ್ಕೆ ಸರಾಸರಿ ತೆಗೆಯಬೇಡಿ, ಒಂದು ಕೆಟ್ಟ ಅಂಕಿ ಸರಾಸರಿಯನ್ನೇ ಎಳೆದುಕೊಂಡು ಹೋಗುತ್ತದೆ. ಏಳು ಅಳತೆ ತೆಗೆದು, ಸಾಲಾಗಿ ಜೋಡಿಸಿ ನಡುವಿನದನ್ನು ಇಟ್ಟುಕೊಳ್ಳಿ. ಎಕೋ ವಾಪಸ್ ಬಾರದಿದ್ದರೆ ಕೋಡಿನಲ್ಲಿ ಆ ಹೊತ್ತನ್ನು ಅಳೆಯುವ ಪಲ್ಸ್‌ಇನ್ 0 ಕೊಡುತ್ತದೆ. ಅದನ್ನು ದೂರ ಅಂತ ಲೆಕ್ಕ ಹಾಕಿದರೆ ಖಾಲಿ ಟ್ಯಾಂಕೂ ತುಂಬಿ ತುಳುಕುತ್ತದೆ! 0 ಬಂದದ್ದನ್ನು ಎಸೆಯಿರಿ.

ಬೋರ್ಡ್ ತಾನಾಗಿ ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತ ಸೀರಿಯಲ್ ಮಾನಿಟರಿನಲ್ಲಿ (ಬೋರ್ಡ್ ಕಳಿಸುವ ಸಾಲುಗಳನ್ನು ಕಂಪ್ಯೂಟರಿನಲ್ಲಿ ತೋರಿಸುವ ಕಿಟಕಿ) ‘ಬ್ರೌನ್‌ಔಟ್ ಡಿಟೆಕ್ಟರ್’ ಅಂತ ಬಂದರೆ ಕೋಡ್ ತಿದ್ದುತ್ತ ಕೂರಬೇಡಿ. ವೈಫೈ ಸಂಕೇತ ಕಳಿಸುವ ಗಳಿಗೆಯಲ್ಲಿ ಬೋರ್ಡ್ ನೂರಾರು ಮಿಲಿಆಂಪಿಯರ್ ಎಳೆಯುತ್ತದೆ. ಉದ್ದನೆಯ ಸಣಕಲು ಕೇಬಲಿನಲ್ಲಿ ಆಗ ವೋಲ್ಟೇಜ್ ಕುಸಿಯುತ್ತದೆ. ಅಡಾಪ್ಟರ್ ಬೋರ್ಡಿನ ಹತ್ತಿರವೇ, ಮಳೆ ತಾಗದ ಡಬ್ಬಿಯಲ್ಲಿರಲಿ. 470 ಮೈಕ್ರೋಫ್ಯಾರಡ್ ಕೆಪಾಸಿಟರನ್ನು 5 ವೋಲ್ಟ್ ಮತ್ತು ಗ್ರೌಂಡ್ ನಡುವೆ, ಬಿಳಿ ಪಟ್ಟಿಯ ಕಾಲು ಗ್ರೌಂಡಿಗೆ ಬರುವಂತೆ ಹಾಕಿ. ತಾರಸಿಗೆ ರೂಟರಿನ ಸಿಗ್ನಲ್ −80 ಡಿಬಿಎಂಗಿಂತ ಕೆಳಗಿದ್ದರೆ ಸಂಪರ್ಕ ಆಗಾಗ ತಪ್ಪುತ್ತದೆ. ಅಂದಹಾಗೆ, ಇದಕ್ಕೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಕಾಣುತ್ತದೆ.

ಅಂಕಿಗಳನ್ನು ಎಂಕ್ಯೂಟಿಟಿ (ಇಂಥ ಸಾಧನಗಳು ಚಿಕ್ಕ ಸಂದೇಶ ಕಳಿಸುವ ಪದ್ಧತಿ) ಮೂಲಕ ಮನೆಯ ಹಳೆ ಲ್ಯಾಪ್‌ಟಾಪಿನ ಮಾಸ್ಕಿಟೋ ಬ್ರೋಕರಿಗೆ (ಆ ಸಂದೇಶ ಪಡೆದು ಬೇಕಾದವರಿಗೆ ಹಂಚುವ ಸಾಫ್ಟ್‌ವೇರ್) ಕಳಿಸಿದೆ, ಪೋರ್ಟ್ 1883. ಮಾಸ್ಕಿಟೋ 2.0ರಿಂದೀಚೆಗೆ ಕಾನ್ಫಿಗ್ ಫೈಲಿನಲ್ಲಿ ಲಿಸನರ್ ಸಾಲು ಬರೆಯದಿದ್ದರೆ ಅದು ತನ್ನದೇ ಯಂತ್ರದಿಂದ ಬಂದದ್ದನ್ನಷ್ಟೇ ಒಪ್ಪುತ್ತದೆ. ಆ ಸಾಲಿನ ಜೊತೆಗೆ ಪಾಸ್‌ವರ್ಡ್ ಫೈಲನ್ನೂ ಕೊಡಿ. ಸಂಪಿಗೂ ಇನ್ನೊಂದು ಬೋರ್ಡ್ ಹಾಕುವಾಗ ಅದೇ ಕೋಡ್ ಹಾಗೇ ತುಂಬಿದರೆ ಎರಡೂ ಸರದಿಯಂತೆ ಕಡಿತಗೊಳ್ಳುತ್ತವೆ: ಒಂದೇ ಕ್ಲೈಂಟ್ ಐಡಿ ಇರುವಾಗ ಹೊಸಬ ಬಂದ ಕೂಡಲೇ ಬ್ರೋಕರ್ ಹಳಬನನ್ನು ಹೊರಗೆ ಹಾಕುತ್ತದೆ. ಐಡಿ ಬೇರೆ ಬೇರೆ ಇಡಿ.

ಇಷ್ಟಾದ ಮೇಲೆ ಮೋಟಾರನ್ನೂ ಇದರಿಂದಲೇ ಆನ್ ಮಾಡೋಣ ಅನ್ನಿಸುತ್ತದೆ. ಕಿಟ್‌ಗಳಲ್ಲಿ ಬರುವ ನೀಲಿ ರಿಲೇ ಮೇಲೆ 10 ಆಂಪಿಯರ್ ಅಂತ ಬರೆದಿದ್ದರೂ, ಮೋಟಾರ್ ಚಾಲೂ ಆಗುವಾಗ ಎಳೆಯುವ ಕರೆಂಟ್ ಅದರ ಮಾಮೂಲಿ ಕರೆಂಟಿನ ಹಲವು ಪಟ್ಟು. ಅದಕ್ಕೆ ರಿಲೇಯ ಕಾಂಟ್ಯಾಕ್ಟ್ ಅಂಟಿಕೊಂಡರೆ ಕೋಡ್ ಆಫ್ ಅಂದರೂ ಮೋಟಾರ್ ಓಡುತ್ತಲೇ ಇರುತ್ತದೆ. ರಿಲೇಯಿಂದ ಕಾಂಟ್ಯಾಕ್ಟರಿನ (ಮೋಟಾರಿನ ಭಾರೀ ಕರೆಂಟ್ ತಡೆಯುವ ದೊಡ್ಡ ಸ್ವಿಚ್) ಕಾಯಿಲ್ ಮಾತ್ರ ನಡೆಸಿ, ಆ ಕಾಯಿಲ್ ಸಾಲಿನಲ್ಲೇ ಟ್ಯಾಂಕಿನ ಫ್ಲೋಟ್ ಸ್ವಿಚ್ಚನ್ನೂ ಸೇರಿಸಿ. ವೈಫೈ ಹೋದರೂ ಬೋರ್ಡ್ ಕೆಟ್ಟರೂ ನೀರು ತುಂಬಿದಾಗ ಮೋಟಾರ್ ನಿಲ್ಲುತ್ತದೆ. 230 ವೋಲ್ಟಿನ ಈ ಭಾಗವನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.