ಕ್ರೋಮ್ ಹೊಳೆಯಲಿ: ಹಳೆಯ ಶೈಲಿಯ ಕಾರಿನ ಚಿತ್ರ ಬಿಡಿಸುವುದು ಹೇಗೆ?

ಹಳೆಯ ಕಾಲದ ಕಾರಿನ ಚಿತ್ರ ಎಂದರೆ ಹಲವರು ಯಾವುದೋ ಫೋಟೊಗೆ ಕಂದು ಛಾಯೆಯ ಫಿಲ್ಟರ್ ಹಾಕಿ, ಅಂಚಿಗೆ ನಾಲ್ಕು ಗೀರು ಎಳೆದು ಮುಗಿಸಿಬಿಡುತ್ತಾರೆ. ಆದರೆ 1950ರ ದಶಕದ ಕಾರಿನ ಜಾಹೀರಾತುಗಳು ಅಚ್ಚಾದ ದಿನವೇ ಕಂದಾಗಿರಲಿಲ್ಲ; ಕಣ್ಣು ಕೋರೈಸುವಷ್ಟು ಹೊಸದಾಗಿದ್ದವು. ಆ ಕಾಲದ ಗುರುತು ಇರುವುದು ಕಾರಿನ ಮೈರೇಖೆಯಲ್ಲಿ, ಕ್ರೋಮ್‌ನ ಹೊಳಪಿನಲ್ಲಿ, ಅಚ್ಚಿನ ಯಂತ್ರಕ್ಕಿದ್ದ ಮಿತಿಗಳಲ್ಲಿ. ಈ ಮೂರನ್ನು ನಾವೇ ಕೂತು ಬಿಡಿಸಿದರೆ ಕಂದು ಫಿಲ್ಟರ್‌ನ ಹಂಗು ಬೇಕಿಲ್ಲ.

ಫೋಟೊಶಾಪ್ ಇದ್ದವರು ಅದನ್ನೇ ಬಳಸಿ. ಇಲ್ಲದವರಿಗೆ ಉಚಿತವಾಗಿ ಸಿಗುವ ಗಿಂಪ್ ಸಾಕು. ಬಿಂದುಗಳನ್ನಿಟ್ಟು ಬಾಗುಗೆರೆ ಎಳೆಯುವ ಸಾಧನವನ್ನು ಫೋಟೊಶಾಪ್‌ನಲ್ಲಿ ಪೆನ್ ಟೂಲ್, ಗಿಂಪ್‌ನಲ್ಲಿ ಪಾತ್ಸ್ ಟೂಲ್ ಎನ್ನುತ್ತಾರೆ, ಕೆಲಸ ಒಂದೇ. ಹೊಸ ಫೈಲ್ ತೆರೆದು ಅಗಲ 3508, ಎತ್ತರ 2480 ಪಿಕ್ಸೆಲ್ ಕೊಡಿ. ಇದು ಅಡ್ಡಲಾಗಿಟ್ಟ ಎ4 ಹಾಳೆಯನ್ನು ಇಂಚಿಗೆ 300 ಪಿಕ್ಸೆಲ್‌ನಂತೆ ಮುದ್ರಿಸಲು ಬೇಕಾದ ಅಳತೆ.

ಮೊದಲು ಅಳತೆ, ಆಮೇಲೆ ಅಂದ

ಮೊದಲ ಪ್ರಯತ್ನಕ್ಕೆ ಕಾರನ್ನು ಪಕ್ಕದಿಂದ ನೋಡಿದಂತೆ ಬರೆಯುವುದು ಒಳ್ಳೆಯದು. ಓರೆಯಾಗಿ ನಿಂತ ಕಾರಿನಲ್ಲಿ ಚಕ್ರಗಳು ಅಂಡಾಕಾರವಾಗುತ್ತವೆ. ಅವನ್ನು ಆಕ್ಸಲ್‌ನ (ಚಕ್ರದ ಅಚ್ಚಿನ) ದಿಕ್ಕಿಗೆ ಸರಿಯಾಗಿ ಕೂರಿಸುವುದೇ ಒಂದು ದೊಡ್ಡ ಕಸರತ್ತು.

ಮಾದರಿಗೆ 1959ರ ಕ್ಯಾಡಿಲ್ಯಾಕ್ ತೆಗೆದುಕೊಳ್ಳೋಣ. ವಿಮಾನದ ಬಾಲವನ್ನು ನೆನಪಿಸುವ ರೆಕ್ಕೆಗಳು ಕ್ಯಾಡಿಲ್ಯಾಕ್ ಕಾರಿಗೆ ಬಂದದ್ದು 1948ರಲ್ಲಿ. ಲಾಕ್‌ಹೀಡ್ ಪಿ-38 ಯುದ್ಧವಿಮಾನ ಅದಕ್ಕೆ ಸ್ಫೂರ್ತಿ. 1959ರ ಹೊತ್ತಿಗೆ ಅವು ಅತಿ ಎತ್ತರಕ್ಕೆ ಬೆಳೆದಿದ್ದವು. ಆ ಕಾರಿನ ಉದ್ದ 225 ಇಂಚು, ಮುಂದಿನ ಮತ್ತು ಹಿಂದಿನ ಚಕ್ರಗಳ ನಡುಬಿಂದುಗಳ ಅಂತರ 130 ಇಂಚು. ಇಂಚಿಗೆ 10 ಪಿಕ್ಸೆಲ್ ಎಂದಿಟ್ಟುಕೊಂಡರೆ ಕಾರಿನ ಉದ್ದ 2250 ಪಿಕ್ಸೆಲ್, ಚಕ್ರಗಳ ಅಂತರ 1300 ಪಿಕ್ಸೆಲ್ ಆಗುತ್ತದೆ. ಎತ್ತರ ಸುಮಾರು 550, ಚಕ್ರದ ವ್ಯಾಸ ಸುಮಾರು 280 ಇರಲಿ. ಈ ಅಳತೆಗಳಿಗೆ ಗೈಡ್ ರೇಖೆಗಳನ್ನು ಎಳೆದಿಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆ. ಹಿಂಬದಿಯ ಚಾಚು (ಚಕ್ರದಿಂದಾಚೆಗಿನ ಭಾಗ) ಮುಂಬದಿಗಿಂತ ಸಾಕಷ್ಟು ಉದ್ದ ಇರಬೇಕು ಎಂಬುದನ್ನು ಮರೆಯಬೇಡಿ. ಇಂದಿನ ಕಾರುಗಳನ್ನು ನೋಡಿ ಒಗ್ಗಿದ ಕೈ ತನಗರಿವಿಲ್ಲದೆ ಅದನ್ನು ಮೊಟಕು ಮಾಡಿಬಿಡುತ್ತದೆ.

ಅಳತೆ ಗೊತ್ತಾದ ಮೇಲೆ ಬೇಕೆಂದೇ ಸ್ವಲ್ಪ ಮೀರಬಹುದು. ಆರ್ಟ್ ಫಿಟ್ಜ್‌ಪ್ಯಾಟ್ರಿಕ್ ಮತ್ತು ವ್ಯಾನ್ ಕೌಫ್‌ಮನ್ ಎಂಬ ಕಲಾವಿದರ ಜೋಡಿ 1959ರಿಂದ 1971ರವರೆಗೆ ಪಾಂಟಿಯಾಕ್ ಕಾರುಗಳ ಜಾಹೀರಾತು ಚಿತ್ರಗಳನ್ನು ರಚಿಸಿತು. ಕಾರು ಬಿಡಿಸುತ್ತಿದ್ದವರು ಫಿಟ್ಜ್‌ಪ್ಯಾಟ್ರಿಕ್, ಜನ ಮತ್ತು ಹಿನ್ನೆಲೆ ಕೌಫ್‌ಮನ್ ಅವರದು. ಅವರ ಚಿತ್ರಗಳಲ್ಲಿ ಕಾರು ನಿಜಕ್ಕಿಂತ ಅಗಲವಾಗಿ, ನೆಲಕ್ಕೆ ಅಂಟಿದಂತೆ ಕಾಣುತ್ತದೆ. ನಮ್ಮ ಚಿತ್ರದಲ್ಲಿಯೂ ಚಾವಣಿಯನ್ನು ಇಪ್ಪತ್ತು ಮೂವತ್ತು ಪಿಕ್ಸೆಲ್ ತಗ್ಗಿಸಿ ನೋಡಿ, ಕಾರಿಗೆ ತಾನಾಗಿಯೇ ಠೀವಿ ಬರುತ್ತದೆ.

ಮೈರೇಖೆಯನ್ನು ಪೆನ್ ಟೂಲ್‌ನಿಂದಲೇ ಎಳೆಯಿರಿ, ಬ್ರಷ್‌ನಿಂದ ಬೇಡ. ಬಿಂದುಗಳು ಕಡಿಮೆ ಇದ್ದಷ್ಟೂ ಬಾಗು ನಯವಾಗಿರುತ್ತದೆ. ಮುಂಗಾಜಿನ ಬುಡದಿಂದ ಹಿಂಗಾಜಿನ ಬುಡದವರೆಗಿನ ಚಾವಣಿಗೆ ನಾಲ್ಕೈದು ಬಿಂದು ಸಾಕು. ರೇಖೆ ತಿರುಗುವಲ್ಲಿ ಮಾತ್ರ ಬಿಂದು ಇಟ್ಟು, ಉಳಿದದ್ದನ್ನು ಅದರ ಹಿಡಿಕೆಗಳಿಗೆ (ಎಳೆದರೆ ಬಾಗು ಬದಲಾಗುವ ಗೆರೆಗಳಿಗೆ) ಬಿಡಿ. ಮೈ, ಗಾಜು, ಬಂಪರ್, ಚಕ್ರ ಎಲ್ಲಕ್ಕೂ ಬೇರೆ ಬೇರೆ ಲೇಯರ್ (ಒಂದರ ಮೇಲೊಂದು ಕೂರುವ ಪಾರದರ್ಶಕ ಪದರ) ಇರಲಿ. ಒಂದು ಚಕ್ರ ಬರೆದು ನಕಲು ಮಾಡಿಕೊಂಡರಾಯಿತು: ಕಪ್ಪು ವೃತ್ತ, ಅದರೊಳಗೆ ಬಿಳಿಯ ಪಟ್ಟಿ, ನಡುವೆ ಕ್ರೋಮ್ ಮುಚ್ಚಳ. ಟೈರಿನ ಆ ಬಿಳಿ ಪಟ್ಟಿಯೊಂದೇ ಚಿತ್ರವನ್ನು ಹತ್ತಾರು ವರ್ಷ ಹಿಂದಕ್ಕೆ ಒಯ್ಯುತ್ತದೆ.

ಆರೇ ಬಣ್ಣ

ಸಾಫ್ಟ್‌ವೇರ್ ಲಕ್ಷಾಂತರ ಬಣ್ಣ ಕೊಡುತ್ತದೆ, ನೀವು ಆರನ್ನು ಮಾತ್ರ ತೆಗೆದುಕೊಳ್ಳಿ. ಕಾರಿನ ಮೈಗೆ ಹಸಿರುಮಿಶ್ರಿತ ತಿಳಿನೀಲಿ, ಅದರದೇ ಗಾಢ ಛಾಯೆ ಒಂದು, ಚಾವಣಿಗೆ ಕೆನೆಬಣ್ಣ, ಹಿಂದಿನ ದೀಪಗಳಿಗೆ ಇಟ್ಟಿಗೆ ಕೆಂಪು, ಹಿನ್ನೆಲೆಗೆ ಸಾಸಿವೆ ಹಳದಿ, ರೇಖೆಗೆ ಕಡುನೀಲಿ. ಶುದ್ಧ ಕಪ್ಪಿನ ಬದಲು ಕೆಂಪು 35, ಹಸಿರು 30, ನೀಲಿ 50 ಎಂಬ ಮೌಲ್ಯದ ಶಾಯಿಬಣ್ಣ ಬಳಸಿ. ಶುದ್ಧ ಬಿಳಿಯ ಜಾಗದಲ್ಲಿ 244, 232, 208 ಮೌಲ್ಯದ ಕೆನೆಬಣ್ಣ ಇರಲಿ. ಬಿಳಿಯನ್ನು ಹೊಳಪಿನ ಚುಕ್ಕೆಗಳಿಗಾಗಿ ಕಾಯ್ದಿಡಬೇಕು.

ನೆರಳು ಬೆಳಕಿನ ನಡುವೆ ಗಡಿ ಸ್ಪಷ್ಟವಾಗಿರಲಿ, ಮಸುಕು ಬೇಡ. ಬಾನೆಟ್, ಡಿಕ್ಕಿಯ ಮೇಲ್ಮೈ ಆಕಾಶವನ್ನು ನೋಡುವುದರಿಂದ ತಿಳಿಯಾಗಿರುತ್ತವೆ. ಬಾಗಿಲಿನ ಕೆಳಭಾಗ ನೆಲಕ್ಕೆ ಮುಖ ಮಾಡುವುದರಿಂದ ಗಾಢವಾಗಿರುತ್ತದೆ.

ಕ್ರೋಮ್ ಎಂಬ ಕನ್ನಡಿ

ಹೆಚ್ಚಿನವರು ಸೋಲುವುದು ಇಲ್ಲಿ. ಬೂದುಬಣ್ಣದ ಗ್ರೇಡಿಯೆಂಟ್ (ಗಾಢದಿಂದ ತಿಳಿಗೆ ನಿಧಾನವಾಗಿ ತಿರುಗುವ ಛಾಯೆ) ಎಳೆದರೆ ಬರುವುದು ಪ್ಲಾಸ್ಟಿಕ್, ಕ್ರೋಮ್ ಅಲ್ಲ. ಕ್ರೋಮ್‌ಗೆ ಸ್ವಂತ ಬಣ್ಣವೆಂಬುದು ಇಲ್ಲವೆಂದೇ ಹೇಳಬೇಕು. ಅದು ಸುತ್ತಲಿನದನ್ನು ಹಿಡಿದು ತೋರಿಸುತ್ತದೆ. ಬಯಲಿನಲ್ಲಿ ನಿಂತ ಕಾರಿನ ಬಂಪರ್‌ನಲ್ಲಿ ಮೇಲೆ ಆಕಾಶ, ಕೆಳಗೆ ನೆಲ, ನಡುವೆ ದಿಗಂತ ಕಾಣುತ್ತವೆ.

ಬಂಪರ್ ಆಕಾರಕ್ಕೆ ಮೊದಲು ತಿಳಿನೀಲಿ ತುಂಬಿ, ಆ ಲೇಯರ್‌ನ ಪಾರದರ್ಶಕ ಭಾಗವನ್ನು ಲಾಕ್ ಮಾಡಿ. ಇನ್ನು ಬಣ್ಣ ಆಕಾರದಿಂದ ಹೊರಗೆ ಚೆಲ್ಲುವುದಿಲ್ಲ. ಮೇಲಂಚಿನಲ್ಲಿ ನೀಲಿ ತುಸು ಗಾಢ, ಕೆಳಗಿಳಿದಂತೆ ತಿಳಿ, ದಿಗಂತದ ಹತ್ತಿರ ಬಹುಪಾಲು ಬಿಳಿ. ಅಲ್ಲಿಗೆ ಬಂದ ಕೂಡಲೇ ಶಾಯಿಬಣ್ಣದ ಗಾಢ ಪಟ್ಟಿ. ಬಿಳಿ ಮತ್ತು ಕಪ್ಪು ಒಂದಕ್ಕೊಂದು ತಾಗುವ ಈ ಗೆರೆ ಚಾಕುವಿನಿಂದ ಕೊಯ್ದಷ್ಟು ಚೂಪಾಗಿರಬೇಕು. ಇಡೀ ಹೊಳಪು ಹುಟ್ಟುವುದು ಇಲ್ಲೇ. ಪಟ್ಟಿಯ ಕೆಳಗೆ ಸಾಸಿವೆ ಹಳದಿ ನಿಧಾನವಾಗಿ ಕೆನೆಬಣ್ಣಕ್ಕೆ ತಿರುಗಲಿ. ಬಂಪರ್ ಬಾಗಿದಲ್ಲಿ ದಿಗಂತದ ಗೆರೆಯೂ ಜೊತೆಗೇ ಬಾಗಿ, ತುದಿಗೆ ಹೋದಂತೆ ಕಿರಿದಾಗುತ್ತ ಹೋಗಬೇಕು. ಕೊನೆಯಲ್ಲಿ, ಕಾಯ್ದಿಟ್ಟ ಬಿಳಿಯಿಂದ ಒಂದೆರಡು ಕಡೆ ಚುಕ್ಕೆ ಇಡಿ. ನಕ್ಷತ್ರದಂತೆ ಮಿನುಗುವ ಹೊಳಪು ಇಡೀ ಕಾರಿಗೆ ಒಂದೇ ಇರಲಿ.

ಚಕ್ರದ ಮುಚ್ಚಳ, ಕಿಟಕಿಯ ಚೌಕಟ್ಟು, ಎರಡು ಬಣ್ಣಗಳ ನಡುವೆ ಓಡುವ ಪಟ್ಟಿ ಇವಕ್ಕೂ ಇದೇ ಕ್ರಮ.

ಅಚ್ಚಿನ ಚುಕ್ಕಿಗಳು

ಆ ಕಾಲದ ಮುದ್ರಣದಲ್ಲಿ ಛಾಯೆಗಳು ಮೂಡುತ್ತಿದ್ದದ್ದು ಸಣ್ಣ ದೊಡ್ಡ ಚುಕ್ಕಿಗಳಿಂದ. ಅದಕ್ಕೆ ಹಾಫ್‌ಟೋನ್ ಎಂದು ಹೆಸರು. ಇಡೀ ಚಿತ್ರಕ್ಕೆ ಚುಕ್ಕಿ ಹಾಕಿದರೆ ಪಟ್ಟ ಶ್ರಮವೆಲ್ಲ ಅದರಡಿ ಮುಚ್ಚಿಹೋಗುತ್ತದೆ. ನೆರಳಿಗೆ ಮಾತ್ರ ಹಾಕಿ. ಕಾರಿನಡಿಯ ನೆರಳಿಗೆ ಕಡುನೀಲಿ ತುಂಬಿದ ಲೇಯರ್ ಮಾಡಿ, ಅದಕ್ಕೊಂದು ಮಾಸ್ಕ್ (ಬಿಳಿ ಇದ್ದಲ್ಲಿ ಲೇಯರ್ ತೋರಿಸಿ, ಕಪ್ಪು ಇದ್ದಲ್ಲಿ ಮರೆಮಾಡುವ ಮುಸುಕು) ಸೇರಿಸಿ, ಮಾಸ್ಕ್‌ನಲ್ಲಿ ಬಿಳಿಯಿಂದ ಕಪ್ಪಿಗೆ ಗ್ರೇಡಿಯೆಂಟ್ ಎಳೆಯಿರಿ. ಬಳಿಕ ಆ ಮಾಸ್ಕ್‌ಗೆ ಫಿಲ್ಟರ್ ಹಾಕಿ: ಫೋಟೊಶಾಪ್‌ನಲ್ಲಿ ಪಿಕ್ಸಲೇಟ್ ಪಟ್ಟಿಯ ಕಲರ್ ಹಾಫ್‌ಟೋನ್, ಗಿಂಪ್‌ನಲ್ಲಿ ಡಿಸ್ಟಾರ್ಟ್ಸ್ ಪಟ್ಟಿಯ ನ್ಯೂಸ್‌ಪ್ರಿಂಟ್. ಕೋನ 45 ಡಿಗ್ರಿ ಇರಲಿ. ಅಡ್ಡ ಮತ್ತು ಉದ್ದ ಸಾಲುಗಳನ್ನು ಕಣ್ಣು ಬೇಗ ಗುರುತಿಸುತ್ತದೆ, ಓರೆ ಸಾಲುಗಳನ್ನು ಅಷ್ಟಾಗಿ ಗಮನಿಸುವುದಿಲ್ಲ. ಮುದ್ರಕರು ಕಪ್ಪು ಶಾಯಿಗೆ ಈ ಕೋನವನ್ನು ಕೊಡುತ್ತ ಬಂದದ್ದು ಇದೇ ಕಾರಣಕ್ಕೆ.

ಒಂದೊಂದು ಬಣ್ಣಕ್ಕೂ ಕಾಗದ ಯಂತ್ರದಲ್ಲಿ ಪ್ರತ್ಯೇಕವಾಗಿ ಒತ್ತಿಸಿಕೊಳ್ಳುತ್ತಿದ್ದುದರಿಂದ ಕೆಲವೊಮ್ಮೆ ಬಣ್ಣ ರೇಖೆಯಿಂದ ಕೂದಲೆಳೆಯಷ್ಟು ಸರಿಯುತ್ತಿತ್ತು. ಕೆಂಪು ಬಣ್ಣದ ಲೇಯರ್ ಒಂದನ್ನೇ ಮೂರ್ನಾಲ್ಕು ಪಿಕ್ಸೆಲ್ ಬಲಕ್ಕೆ ಸರಿಸಿ, ಲೇಯರ್ ಮೋಡನ್ನು ಮಲ್ಟಿಪ್ಲೈಗೆ (ಕೆಳಗಿನ ಬಣ್ಣದೊಂದಿಗೆ ಬೆರೆತು ಗಾಢವಾಗುವ ವಿಧಾನಕ್ಕೆ) ಬದಲಿಸಿ. ಎಲ್ಲ ಬಣ್ಣಗಳನ್ನೂ ಸರಿಸಿದರೆ ಅದು ಕೆಟ್ಟ ಅಚ್ಚಿನಂತೆ ಕಾಣುತ್ತದೆಯೇ ಹೊರತು ಹಳೆಯ ಅಚ್ಚಿನಂತಲ್ಲ. ಕಾಗದದ ತರಿತರಿ ಮೈ ಬೇಕೆನಿಸಿದರೆ ಒರಟು ಹಾಳೆಯೊಂದನ್ನು ಸ್ಕ್ಯಾನ್ ಮಾಡಿ, ಎಲ್ಲಕ್ಕಿಂತ ಮೇಲಿನ ಲೇಯರ್ ಆಗಿ ಇಟ್ಟು, ಅದನ್ನೂ ಮಲ್ಟಿಪ್ಲೈನಲ್ಲಿ ಸೇಕಡಾ 20ರಷ್ಟು ಮಾತ್ರ ಕಾಣುವಂತೆ ಮಾಡಿ.

ಲೇಯರ್‌ಗಳ ಸಮೇತ ಮೂಲ ಫೈಲ್ ಅನ್ನು ಚುಕ್ಕಿ ಹಾಕುವ ಮುನ್ನ ಒಮ್ಮೆ, ಹಾಕಿದ ಮೇಲೆ ಇನ್ನೊಮ್ಮೆ ಬೇರೆ ಬೇರೆ ಹೆಸರಿನಲ್ಲಿ ಉಳಿಸಿ. ಜಾಲತಾಣಕ್ಕೆ ಪಿಎನ್‌ಜಿ ಒಳ್ಳೆಯದು. ಜೆಪಿಜಿ ಚುಕ್ಕಿಗಳ ಅಂಚನ್ನು ಕದಡುತ್ತದೆ. ಚುಕ್ಕಿ ಇರುವ ಚಿತ್ರವನ್ನು ಎಂದೂ ಕುಗ್ಗಿಸಬೇಡಿ, ಅಲೆಯಲೆಯಾಗಿ ಬೇಡದ ವಿನ್ಯಾಸ ಮೂಡುತ್ತದೆ. ಚಿಕ್ಕ ಪ್ರತಿ ಬೇಕಾದರೆ ಚುಕ್ಕಿಯಿಲ್ಲದ ಮೊದಲ ಫೈಲ್ ತೆರೆದು, ಅದನ್ನು ಬೇಕಾದ ಅಳತೆಗೆ ಇಳಿಸಿ, ಹಾಫ್‌ಟೋನ್ ಅನ್ನು ಹೊಸದಾಗಿ ಹಾಕಿಕೊಳ್ಳಿ.