ಮಳಿಗೆಯ ಹಿಂದೆಯೇ ಮನೆ: ಆಧಾರ್ ವಿಳಾಸ ಬದಲಿಸುವುದು ಹೇಗೆ?

ಮುಂದೆ ಅಂಗಡಿ, ಹಿಂದೆ ಸಂಸಾರ. ಬೆಂಗಳೂರಿನ ಹಳೆಯ ಬೀದಿಗಳಲ್ಲಿ ಎಷ್ಟೋ ಟೈಲರ್‌ಗಳು, ಇಸ್ತ್ರಿಯವರು ಹೀಗೇ ಬದುಕುತ್ತಾರೆ. ಆಧಾರ್‌ನಲ್ಲಿ ಮಾತ್ರ ಊರಿನ ವಿಳಾಸ. ಬದಲಿಸಲು ಹೋದವರ ಅರ್ಜಿ ಎರಡು ಮೂರು ಸಲ ವಾಪಸಾಗುವುದನ್ನು ಕಂಡಿದ್ದೇನೆ. ಎಡವುವುದೆಲ್ಲ ವಿಳಾಸದ ಪುರಾವೆಯಾಗಿ ಕೊಡುವ ಬಾಡಿಗೆ ಕರಾರು ಪತ್ರದಲ್ಲೇ.

ಮೊದಲು ಮಾಲೀಕರ ಒಪ್ಪಿಗೆ ಪಡೆಯಿರಿ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಪ್ರಕಾರ, ಯಾವ ಉದ್ದೇಶಕ್ಕೆ ಕೊಟ್ಟಿದ್ದಾರೋ ಅದನ್ನು ಬಿಟ್ಟು ಬೇರೆಯದಕ್ಕೆ ಬಾಡಿಗೆದಾರ ಜಾಗ ಬಳಸುವಂತಿಲ್ಲ.

ಇನ್ನು ಕರಾರು. ಟೈಪಿಂಗ್ ಅಂಗಡಿಯ ಸಿದ್ಧ ನಮೂನೆಗೆ ಹಾಗೇ ಸಹಿ ಹಾಕಬೇಡಿ. ನಮ್ಮ ಬೀದಿಯ ಟೈಲರ್ ತಂದು ತೋರಿಸಿದ ಪತ್ರದಲ್ಲಿ ಬಾಡಿಗೆದಾರರೆಂದು ಇದ್ದದ್ದು ಅಂಗಡಿಯ ಹೆಸರು. ನಾಲ್ಕನೇ ಕಲಮು ‘ವ್ಯಾಪಾರಕ್ಕೆ ಮಾತ್ರ’ ಎನ್ನುತ್ತಿತ್ತು. ಷೆಡ್ಯೂಲ್‌ನಲ್ಲಿ, ಅಂದರೆ ಬಾಡಿಗೆಗೆ ಕೊಟ್ಟ ಜಾಗದ ವಿವರ ಬರೆಯುವಲ್ಲಿ, ‘ರೋಲಿಂಗ್ ಶಟರ್ ಸಹಿತ ಮಳಿಗೆ ಒಂದು’, ಅಷ್ಟೇ. ಅವರು ಹನ್ನೆರಡು ವರ್ಷ ಮಲಗಿದ ಕೋಣೆ, ಅಡುಗೆಕಟ್ಟೆ, ಬಚ್ಚಲು ಕಾಗದದಲ್ಲಿ ಇರಲೇ ಇಲ್ಲ.

ಎರಡು ಪತ್ರ ಮಾಡಿಸಿ: ಮಳಿಗೆಗೊಂದು, ಹಿಂದಿನ ಮನೆಗೊಂದು. ಮನೆಯ ಪತ್ರದಲ್ಲಿ ನಿಮ್ಮ ಹೆಸರು ಆಧಾರ್‌ನಲ್ಲಿರುವಂತೆಯೇ ಇನಿಷಿಯಲ್ ಸಮೇತ ಬರಲಿ. ‘ವಾಸಕ್ಕಾಗಿ’ ಎಂಬ ಪದ, ಡೋರ್ ನಂಬರ್, ಅಡ್ಡರಸ್ತೆ, ಪಿನ್‌ಕೋಡ್ ಬಿಟ್ಟುಹೋಗಬಾರದು. ಒಂದು ವರ್ಷ ಮೀರಿದ ಬಾಡಿಗೆ ಕರಾರಿಗೆ ನೋಂದಣಿ ಕಡ್ಡಾಯವೆಂದೇ ಎಲ್ಲರೂ 11 ತಿಂಗಳಿಗೆ ಬರೆಸುತ್ತಾರೆ. ಖರ್ಚಾದರೂ ಚಿಂತೆಯಿಲ್ಲ, ನೋಂದಣಿ ಮಾಡಿಸಿಬಿಡಿ.

‘ಪರಿಚಯದವರ ಮನೆ ವಿಳಾಸ ಹಾಕಿಸಿಕೊಡ್ತೀನಿ’ ಎನ್ನುವ ಏಜೆಂಟರನ್ನು ಹತ್ತಿರ ಸೇರಿಸಬೇಡಿ. ಸುಳ್ಳು ದಾಖಲೆ ಕೊಡುವುದು ಅಪರಾಧ. ನಾಳೆ ಪಾಸ್‌ಪೋರ್ಟ್‌ಗೆಂದು ಪೊಲೀಸರು ವಿಚಾರಿಸಲು ಬಂದರೆ ಆ ಮನೆಯಲ್ಲಿ ನಿಮ್ಮ ಗುರುತು ಹೇಳುವವರೂ ಇರುವುದಿಲ್ಲ.

ಮುಂದಿನದು ಸುಲಭ: ಮೈಆಧಾರ್ ಪೋರ್ಟಲ್‌ನಲ್ಲಿ ಒಟಿಪಿ ಹಾಕಿ ಒಳಹೋಗಿ, ಕರಾರನ್ನು ಅಪ್‌ಲೋಡ್ ಮಾಡಿ. ಛಾಪಾ ಕಾಗದದ ಮೊದಲ ಪುಟ ಮಾತ್ರ ಕಳಿಸಿದರೆ ಆಗದು. ಸಹಿಯ ಪುಟವೂ ಸೇರಿ ಎಲ್ಲ ಪುಟಗಳು ಒಂದೇ ಫೈಲ್‌ನಲ್ಲಿರಲಿ. ನಿಮ್ಮದು ಬದಲಾದ ಮೇಲೆ, ನಿಮ್ಮನ್ನೇ ಕುಟುಂಬದ ಮುಖ್ಯಸ್ಥರೆಂದು ತೋರಿಸಿ ಹೆಂಡತಿ ಮಕ್ಕಳ ವಿಳಾಸ ಬದಲಿಸಬಹುದು. ನಿಮಗೆ ಬಂದ ಕೋರಿಕೆಗೆ 30 ದಿನದೊಳಗೆ ಒಪ್ಪಿಗೆ ಕೊಡಬೇಕು, ಮರೆಯಬೇಡಿ.

ಮತದಾರರ ಪಟ್ಟಿಗೆ ನಮೂನೆ 8. ಬೂತ್ ಮಟ್ಟದ ಅಧಿಕಾರಿ ಬಂದಾಗ ಶಟರ್ ಎಳೆದಿದ್ದರೆ ಅಲ್ಲಿ ಯಾರೂ ವಾಸವಿಲ್ಲ ಎಂದುಕೊಂಡಾರು. ಅಕ್ಕಪಕ್ಕದವರಿಗೆ ಮೊದಲೇ ಹೇಳಿಡಿ.

ಕರೆಂಟಿನ ವಿಷಯವನ್ನು ಮುಂಗಡ ಕೊಡುವ ಮುಂಚೆಯೇ ಮಾತಾಡಿಕೊಳ್ಳಿ. ಗೃಹಜ್ಯೋತಿ ಇರುವುದು ಮನೆ ಮೀಟರ್‌ಗೆ. ಅಂಗಡಿಯ ವಾಣಿಜ್ಯ ಮೀಟರ್‌ನಿಂದ ಹಿಂದಿನ ಕೋಣೆಗೆ ವೈರ್ ಎಳೆದಿದ್ದರೆ ಅದು ಸಿಗದು. ಕೋಣೆಗೆ ಬೇರೆ ಮೀಟರ್ ಹಾಕಿಸಿಕೊಡಿ ಎಂದು ಮಾಲೀಕರನ್ನು ಕೇಳಿ.