ಓನರ್ ಹತ್ತಿರ ಕೆಲಸ ಬಿಟ್ಟು ಸ್ವಂತ ರಿವೈಂಡಿಂಗ್ ಶೆಡ್ ಹಾಕಿದ್ದು: ನನ್ನ ಅನುಭವ

ರಿವೈಂಡಿಂಗ್ ಅಂದರೆ ಸುಟ್ಟ ಮೋಟಾರಿನ ಹಳೇ ತಾಮ್ರದ ವೈರ್ ತೆಗೆದು ಹೊಸದು ಸುತ್ತುವ ಕೆಲಸ. ಸುಟ್ಟ ಸಬ್‌ಮರ್ಸಿಬಲ್ (ಬೋರ್‌ವೆಲ್ ಒಳಗೆ ಇಳಿಸುವ) ಮೋಟಾರ್ ಬಿಚ್ಚಿದ ಕೂಡಲೇ ಕಾರಣ ಮುಕ್ಕಾಲು ಪಾಲು ಗೊತ್ತಾಗುತ್ತದೆ. ಸ್ಟಾರ್ ಕನೆಕ್ಷನ್ ಮೋಟಾರಿನಲ್ಲಿ, ಅಂದರೆ ಮೂರು ಫೇಸಿನ (ಕರೆಂಟಿನ ಮೂರು ಲೈನಿನ) ಕಾಯಿಲ್‌ಗಳ ಒಂದೊಂದು ತುದಿ ಒಂದೇ ಕಡೆ ಸೇರಿಸಿದ್ದರಲ್ಲಿ, ಎರಡು ಫೇಸಿನ ಕಾಯಿಲ್ ಕರ್ರಗಾಗಿ, ಮೂರನೆಯದು ಹೊಸದರ ಹಾಗೇ ಇದ್ದರೆ ಅದು ಸಿಂಗಲ್ ಫೇಸಿಂಗ್. ಲೈನಿನಲ್ಲಿ ಒಂದು ಫೇಸ್ ಹೋಗಿದೆ, ಉಳಿದ ಎರಡರ ಮೇಲೇ ಮೋಟಾರ್ ಎಳೆದಾಡಿ ಸುಟ್ಟಿದೆ. ಮೂರೂ ಒಂದೇ ಸಮ ಕಪ್ಪಾಗಿದ್ದರೆ ಓವರ್‌ಲೋಡ್ ಇರಬೇಕು, ಇಲ್ಲ ವೋಲ್ಟೇಜ್ ಕಮ್ಮಿ. ಎಲ್ಲೋ ಒಂದು ಕಡೆ ಮಾತ್ರ ಸುಟ್ಟಿದ್ದರೆ ಆಗ ವೈಂಡಿಂಗ್ ಮಾಡಿದವನ ಮೇಲೆ ಅನುಮಾನ ಪಡಬಹುದು.

ಚಿತ್ರದುರ್ಗದಲ್ಲಿ ನಾನು ಕೆಲಸಕ್ಕಿದ್ದ ಅಂಗಡಿಯ ಓನರ್‌ಗೆ ಇದೆಲ್ಲ ನನಗಿಂತ ಚೆನ್ನಾಗಿ ಗೊತ್ತಿತ್ತು. ನನಗೆ ಕೆಲಸ ಕಲಿಸಿದವರೇ ಅವರು. ಆದರೂ ಯಾವ ಮೋಟಾರ್ ವಾಪಸ್ ಬಂದರೂ ತಪ್ಪು ನನ್ನದೇ. ಅದೂ ಗಿರಾಕಿ ಎದುರಿಗೇ. "ಏನ್ ಮಾಡೋದು ಗೌಡ್ರೇ, ಈ ನನ್ಮಗ ಕೈಯಲ್ಲಿ ಕೆಲ್ಸ ಮಾಡಲ್ಲ, ಕಾಲಲ್ಲಿ ಮಾಡ್ತಾನೆ" ಅನ್ನುವರು. ಗೌಡರು ನಗುವರು. ತಿಂಗಳ ಕೊನೆಗೆ ಆ ಮೋಟಾರಿನ ವೈರಿನ ದುಡ್ಡು ನನ್ನ ಸಂಬಳದಲ್ಲಿ ಕಟ್. ಆ ಸಂಬಳವೂ ಒಂದನೇ ತಾರೀಕು ಬಂದದ್ದು ನನಗೆ ನೆನಪಿಲ್ಲ. ಭಾನುವಾರ ಬೆಳಿಗ್ಗೆ ಆರಕ್ಕೇ ಫೋನು.

ಎದುರು ಮಾತಾಡಿ ಪ್ರಯೋಜನ ಇರಲಿಲ್ಲ. ಗಿರಾಕಿ ಮುಂದೆ ವಾದ ಮಾಡಿದರೆ ಇನ್ನೂ ಜಾಸ್ತಿ ಕೂಗಾಡುತ್ತಿದ್ದರು. ಹಾಗಾಗಿ ಒಂದು ನೋಟ್‌ಬುಕ್ ಇಟ್ಟೆ. ಬಂದ ತಾರೀಕು, ಎಷ್ಟು ಎಚ್‌ಪಿ, ಯಾವ ಊರು, ಬಿಚ್ಚಿದಾಗ ಕಾಯಿಲ್ ಹೇಗಿತ್ತು, ಎಷ್ಟು ಕೆಜಿ ವೈರ್ ಹೋಯಿತು, ಎಲ್ಲ ಬರೆಯುವುದು. ಬಿಚ್ಚಿದ ತಕ್ಷಣ ಮೊಬೈಲಿನಲ್ಲಿ ಒಂದು ಫೋಟೋ. ವಾಪಸ್ ಬಂದ ಮೋಟಾರಿನ ವಿಷಯ ಅವರ ಹತ್ತಿರ ಹಗಲು ಎತ್ತುತ್ತಿರಲಿಲ್ಲ. ರಾತ್ರಿ ಗಲ್ಲಾ ಎಣಿಸುವಾಗ, ಯಾರೂ ಇಲ್ಲದಾಗ, ಫೋಟೋ ತೋರಿಸಿ "ಅಣ್ಣಾ, ಇದು ಸಿಂಗಲ್ ಫೇಸು, ನೀವೇ ನೋಡಿ" ಅನ್ನುತ್ತಿದ್ದೆ. ಒಂದಷ್ಟು ದಿನಕ್ಕೆ ಸಂಬಳ ಕಟ್ ಮಾಡುವುದು ನಿಂತಿತು. ಬೈಗುಳ ಮಾತ್ರ ನಿಲ್ಲಲಿಲ್ಲ. ದುಡ್ಡು ಉಳಿಯಿತು, ಮರ್ಯಾದೆ ಉಳಿಯಲಿಲ್ಲ ಅಂತ ಇಟ್ಟುಕೊಳ್ಳಿ.

ಬಿಡುವ ಯೋಚನೆ ಬಂದಾಗ ಲೆಕ್ಕಕ್ಕೆ ಕೂತದ್ದೂ ಅದೇ ನೋಟ್‌ಬುಕ್ ಹಿಡಿದು. ಶಿವರಾತ್ರಿಯಿಂದ ಮುಂಗಾರು ಹಿಡಿಯುವವರೆಗೆ ಮೋಟಾರ್ ರಾಶಿ. ಬೋರಿನಲ್ಲಿ ನೀರು ಇಳಿದಿರುತ್ತದೆ, ಎಲ್ಲರೂ ಒಟ್ಟಿಗೆ ಸ್ಟಾರ್ಟರ್ ಒತ್ತುತ್ತಾರೆ, ವೋಲ್ಟೇಜ್ ಕುಸಿಯುತ್ತದೆ. ಮಳೆ ಹಿಡಿದರೆ ಅಂಗಡಿಯಲ್ಲಿ ನೊಣ ಹೊಡೆಯುವ ಕೆಲಸ. ಅಂದರೆ ಸಿಟ್ಟು ಬಂದ ದಿನ ಬಿಡುವ ಹಾಗಿಲ್ಲ. ಆಷಾಢದಲ್ಲಿ ಬಿಟ್ಟಿದ್ದರೆ ಯುಗಾದಿ ಹೊತ್ತಿಗೆ ಸಾಲಗಾರನಾಗಿ ಅದೇ ಬಾಗಿಲಿಗೆ ಹೋಗಿ ನಿಲ್ಲಬೇಕಿತ್ತು. 2022ರ ಸಂಕ್ರಾಂತಿ ಮುಗಿಸಿಕೊಂಡು ಬಿಟ್ಟೆ. ಒಂದು ತಿಂಗಳು ಮುಂಚೆ ಹೇಳಿದ್ದೆ, ಕೈಯಲ್ಲಿದ್ದ ಮೋಟಾರುಗಳನ್ನೂ ಮುಗಿಸಿ ಕೊಟ್ಟೆ.

ಕೈಗೆ ಏನೂ ಬರಲಿಲ್ಲ. 20 ಜನ ಕೆಲಸಗಾರರು ಇಲ್ಲದ ಕಡೆ ಪಿಎಫ್ ಕಡ್ಡಾಯ ಅಲ್ಲ, 10 ಜನ ಇಲ್ಲದಿದ್ದರೆ ಗ್ರಾಚ್ಯುಟಿ ಕಾನೂನೂ ಬರುವುದಿಲ್ಲ. ನಾವಿದ್ದದ್ದು ಐದಾರು ಜನ. ಇಂಥ ಅಂಗಡಿಯಲ್ಲಿ ಇದ್ದೀರಾ ಅಂದರೆ ಇದನ್ನು ಮೊದಲೇ ತಿಳಿದುಕೊಂಡಿರಿ. ಕೆಲಸ ಬಿಟ್ಟಾಗ ಏನಾದರೂ ಕೊಡುತ್ತಾರೆ ಅಂತ ಸುಮ್ನೆ ಕಾಯಬೇಡಿ.

ಸಾಲಕ್ಕೆ ಮುದ್ರಾ ಯೋಜನೆಗೆ ಹೋದೆ. 'ಶಿಶು' ಅಂದರೆ 50,000 ರೂಪಾಯಿವರೆಗೆ, 'ಕಿಶೋರ್' 5 ಲಕ್ಷದವರೆಗೆ. ಅಡಮಾನ ಬೇಕಿಲ್ಲ. ಬ್ಯಾಂಕಿನವರು ಸಾಮಾನಿನ ಕೊಟೇಶನ್ ಕೇಳಿದರು, ಜತೆಗೆ ಉದ್ಯಮ್ (ಸಣ್ಣ ಉದ್ದಿಮೆಗಳ ಸರ್ಕಾರಿ) ನೋಂದಣಿ. ಈ ನೋಂದಣಿಗೆ ಸರ್ಕಾರದ ಫೀಸು ಒಂದು ರೂಪಾಯಿಯೂ ಇಲ್ಲ. ಆಧಾರ್, ಪ್ಯಾನ್ ಮತ್ತು ಮೊಬೈಲ್ ಇದ್ದರೆ ನೀವೇ ಮಾಡಿಕೊಳ್ಳಬಹುದು, ಯಾರಿಗೂ ಸಾವಿರ ಕೊಡಬೇಡಿ. ನಾನು ಶಿಶುವಿಗೇ ನಿಲ್ಲಿಸಿದೆ. ಮೆಗ್ಗರ್ (ಇನ್ಸುಲೇಶನ್ ನೋಡುವುದು), ಟಾಂಗ್ ಟೆಸ್ಟರ್ (ಕರೆಂಟ್ ಅಳೆಯುವುದು), ಚೈನ್ ಬ್ಲಾಕ್ (ಭಾರ ಎತ್ತುವುದು), ಟೆಸ್ಟಿಂಗ್ ಪ್ಯಾನೆಲ್. ಇಷ್ಟಿದ್ದರೆ ಶುರು ಮಾಡಬಹುದು. ಲೇತ್ ಕೆಲಸ ಈಗಲೂ ಹೊರಗೇ ಕೊಡುತ್ತೇನೆ.

ಶೆಡ್ ಹಾಕಿದ್ದು ಭೀಮಸಮುದ್ರದ ಕಡೆ ರಸ್ತೆ ಬದಿಗೆ. ಸುತ್ತ ಅಡಿಕೆ ತೋಟ, ಬೋರ್‌ವೆಲ್‌ಗೆ ಬರ ಇಲ್ಲ. ಹಳೇ ಅಂಗಡಿಯ ಆಸುಪಾಸಿನಲ್ಲಿ ಹಾಕಲಿಲ್ಲ, ಅವರ ಗಿರಾಕಿಗಳಿಗೆ ಫೋನ್ ಮಾಡಲೂ ಇಲ್ಲ. ಒಳ್ಳೆಯತನ ಅಂತ ಅಲ್ಲ. ವೈರ್ ಕೊಡುವ ಡೀಲರ್ ಇಬ್ಬರಿಗೂ ಒಬ್ಬರೇ, ಜಗಳ ಆದರೆ ನನಗೆ ಉದ್ದರಿ ನಿಲ್ಲುತ್ತಿತ್ತು.

ಗಿರಾಕಿ ಬಂದದ್ದು ಹಳೇ ತಾಮ್ರದಿಂದ. ಸುಟ್ಟ ಮೋಟಾರಿನಿಂದ ಬಿಚ್ಚಿದ ತಾಮ್ರಕ್ಕೆ ಗುಜರಿಯಲ್ಲಿ ಒಳ್ಳೇ ರೇಟಿದೆ. ನಾನು ಇದ್ದಲ್ಲಿ ಅದು ಸದ್ದಿಲ್ಲದೆ ಅಂಗಡಿ ಪಾಲಾಗುತ್ತಿತ್ತು, ರೈತರೂ ಕೇಳುತ್ತಿರಲಿಲ್ಲ. ನಾನು ತೂಕದ ಯಂತ್ರ ಬಾಗಿಲಲ್ಲೇ ಇಟ್ಟೆ. ಹಳೇ ವೈರ್ ಅವರ ಕಣ್ಣೆದುರೇ ತೂಗುವುದು, ಬೇಕಿದ್ದರೆ ಒಯ್ಯಿರಿ, ಬೇಡವಾದರೆ ಬಿಲ್ಲಿನಲ್ಲಿ ಕಳೆಯುತ್ತೇನೆ ಅನ್ನುವುದು. ಒಬ್ಬ ಅಜ್ಜ ಚೀಲದಲ್ಲಿ ತುಂಬಿಕೊಂಡು ಹೋಗಿ, ವಾರದೊಳಗೆ ತನ್ನ ಅಳಿಯನ ಮೋಟಾರನ್ನೂ ಟ್ರ್ಯಾಕ್ಟರಿನಲ್ಲಿ ಹಾಕಿಸಿಕೊಂಡು ಬಂದರು. ಬೋರ್ಡಿಗೆ ಖರ್ಚು ಮಾಡುವ ಕೆಲಸವೇ ಬೀಳಲಿಲ್ಲ.

ಕಷ್ಟ ಬಂದದ್ದು ಆಕಾಶದಿಂದ. ಅದೇ 2022ರಲ್ಲಿ ಮಳೆ ಹೇಗೆ ಸುರಿಯಿತು ನೆನಪಿದೆ ಅಲ್ವಾ? 1933ರ ನಂತರ ಮೊದಲ ಸಲ ವಾಣಿವಿಲಾಸ ಸಾಗರ ಕೋಡಿ ಬಿತ್ತು. ಜಿಲ್ಲೆಗೆ ಹಬ್ಬ, ನಾನೂ ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಿ ಬಂದೆ. ಆದರೆ ಶೆಡ್ಡಿನಲ್ಲಿ ಮೋಟಾರ್ ಇಲ್ಲ. ಮಿಕ್ಸಿ, ಸೀಲಿಂಗ್ ಫ್ಯಾನ್, ಹಿಟ್ಟಿನ ಗಿರಣಿ ಮೋಟಾರ್ ಹಿಡಿದು ಕಾಲ ಹಾಕಿದೆ. ಕಂತು ಚಿಕ್ಕದಿದ್ದದ್ದಕ್ಕೆ ಬಚಾವಾದೆ, ಕಿಶೋರ್ ತೆಗೆದುಕೊಂಡಿದ್ದರೆ ಕಥೆ ಬೇರೆ. 2023ರಲ್ಲಿ ನೇರ ಉಲ್ಟಾ, ಬರ. ಶೆಡ್ ತುಂಬ ಮೋಟಾರ್, ತಂದವರ ಜೇಬು ಖಾಲಿ. "ಅಡಿಕೆ ಮಾರಿದ ಮೇಲೆ ಕೊಡ್ತೀನಿ ತಮ್ಮಾ" ಅಂದವರಿಗೆ ಇಲ್ಲ ಅನ್ನುವುದು ಓನರ್ ಬೈಗುಳ ಕೇಳುವುದಕ್ಕಿಂತ ಕಷ್ಟ.

ಆವತ್ತಿನಿಂದ ಒಂದು ಪದ್ಧತಿ ಮಾಡಿಕೊಂಡಿದ್ದೇನೆ. ವೈರಿನ ದುಡ್ಡು ಮೊದಲು, ಕೂಲಿ ಬೇಕಾದರೆ ಕೊಯ್ಲಿಗೆ. ಕೂಲಿ ಮುಳುಗಿದರೆ ನನ್ನ ಬೆವರು ಅಷ್ಟೇ ಹೋಗುತ್ತದೆ, ಡೀಲರ್ ಹತ್ತಿರ ತಲೆ ತಗ್ಗಿಸುವುದಿಲ್ಲ. ಕೆಲವರು ಮುಖ ಊದಿಸಿಕೊಂಡು ಬೇರೆ ಕಡೆ ಹೋಗುತ್ತಾರೆ, ಹೋಗಲಿ.